ಸೀಸೆಯಲ್ಲಿ ಬಂದ ಮಡಿ

ನಮ್ಮ ಕಾಲೇಜಿನ ಅಧ್ಯಾಪಕಿಯರ ಕೊಠಡಿಯಲ್ಲಿ ಮೊನ್ನೆ ಒಂದು ಸೀಸೆ ಕೈಯಿಂದ ಕೈಗೆ ದಾಟಿತು. ನಸುಗೆಂಪು ಬಣ್ಣ, ಗುಲಾಬಿಯ ಚಿತ್ರ, ಹೂವಿನ ಪರಿಮಳ. ಹೆಂಗಸರು ದೇಹದ ಗುಪ್ತಭಾಗವನ್ನು ತೊಳೆದುಕೊಳ್ಳುವುದಕ್ಕೆಂದೇ ಮಾಡಿದ ದ್ರವವಂತೆ. ಬೆಲೆ ಒಂದು ಒಳ್ಳೆಯ ಕಾದಂಬರಿಯಷ್ಟು. ಕಾದಂಬರಿ ಕೊಳ್ಳಲು ಹತ್ತು ಸಲ ಯೋಚಿಸುವ ನನ್ನ ಸಹೋದ್ಯೋಗಿಗಳು ಇದಕ್ಕೆ ಒಮ್ಮೆಯೂ ಯೋಚಿಸಿದಂತೆ ಕಾಣಲಿಲ್ಲ. "ನೀವು ಏನು ಬಳಸುತ್ತೀರಿ ಮೇಡಂ?" ಎಂದು ಕಿರಿಯರೊಬ್ಬರು ದನಿ ತಗ್ಗಿಸಿ ಕೇಳಿದರು. "ನೀರು" ಎಂದೆ. ಎಲ್ಲರೂ ನಕ್ಕರು, ನಾನು ಹಾಸ್ಯ ಮಾಡಿದೆನೆಂದು ತಿಳಿದರು.

ಹಾಸ್ಯವಲ್ಲ. ಇಂಥ ವಿಷಯವನ್ನು ಪತ್ರಿಕೆಯಲ್ಲಿ ಬರೆಯುವುದು ಸಭ್ಯತೆಯಲ್ಲವೆಂದು ಹುಬ್ಬು ಗಂಟಿಕ್ಕುವ ಮಹನೀಯರಿದ್ದಾರೆ. ಪೂರ್ತಿ ಓದಿದ ಮೇಲೆ ಗಂಟಿಕ್ಕಿರೆಂದು ಅವರಲ್ಲಿ ನನ್ನ ವಿನಂತಿ.

ದೇಹ ಪೆದ್ದಲ್ಲ ಎಂಬುದು ಮೊದಲ ಮಾತು. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳನ್ನು ಆಲ್ಬರ್ಟ್ ಡೋಡರ್ಲೈನ್ ಎಂಬ ಜರ್ಮನ್ ವೈದ್ಯ 1892ರಲ್ಲೇ ವಿವರಿಸಿದ. ಹಾಲನ್ನು ಮೊಸರು ಮಾಡುವ ಜೀವಿಗಳ ಬಂಧುಗಳು ಅವು; ಹುಳಿಯನ್ನು ಉತ್ಪತ್ತಿ ಮಾಡಿ ರೋಗಾಣುಗಳನ್ನು ದೂರವಿಡುತ್ತವೆ. ಹುಳಿ-ಕ್ಷಾರಗಳ ಅಳತೆಯಲ್ಲಿ 7 ಎಂದರೆ ನಡುಮಟ್ಟ; ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ. ಮುಟ್ಟಾಗುವ ವಯಸ್ಸಿನ ಆರೋಗ್ಯವಂತ ಸ್ತ್ರೀಯ ಒಳಭಾಗದ ಅಳತೆ ಸುಮಾರು 3.8ರಿಂದ 4.5. ಮೈಯ ಚರ್ಮ ಸುಮಾರು 5. ನಾವು ಉಜ್ಜಿಕೊಳ್ಳುವ ಸಾಬೂನು 9ರಿಂದ 10. ಬೆಂಗಳೂರಿನಲ್ಲಿ ನಮ್ಮವರೇ ಗಂಧದ ಸಾಬೂನಿನ ಕಾರ್ಖಾನೆ ತೆರೆದರೆಂಬ ಅಭಿಮಾನ ನನಗೂ ಉಂಟು. ಆದರೆ ಬೆನ್ನಿಗೆ ಒಗ್ಗುವ ಸಾಬೂನು ಎಲ್ಲ ಕಡೆಗೂ ಒಗ್ಗಬೇಕೆಂಬ ನಿಯಮವಿಲ್ಲ.

"ನಮ್ಮ ಸೀಸೆಯೂ ಹುಳಿಯದೇ" ಎಂದು ವ್ಯಾಪಾರಿ ಹೇಳುತ್ತಾನೆ. ಇರಲಿ. ಒಳಗೆ ಹುಳಿ ತಾನಾಗಿ ಹುಟ್ಟುತ್ತದೆ. ಹೊರಗಿನ ಚರ್ಮಕ್ಕೆ ನೀರು ಸಾಕು. ಹಾಗಾದರೆ ಹಣ ಕೊಟ್ಟು ತಂದದ್ದೇನು? ಪರಿಮಳ. ಆ ಮೃದು ಚರ್ಮಕ್ಕೆ ಉರಿ, ತುರಿಕೆ ತರುವ ಕಾರಣಗಳಲ್ಲಿ ಸುಗಂಧದ್ರವ್ಯವೂ ಒಂದು. ಉರಿ ಬಂದೊಡನೆ ಹೆಣ್ಣು ತಾನಿನ್ನೂ ಶುಚಿಯಾಗಿಲ್ಲವೆಂದು ಭಾವಿಸಿ ಇನ್ನೊಮ್ಮೆ ತೊಳೆಯುತ್ತಾಳೆ. ಗಾಯವನ್ನು ತಾನೇ ಮಾಡಿ ಮುಲಾಮನ್ನು ತಾನೇ ಮಾರುವ ವ್ಯಾಪಾರ ಇದು.

ಇದು ಹೊಸತೂ ಅಲ್ಲ. ನೆಲ ಒರೆಸುವ ಲೈಸಾಲನ್ನು ಅಮೆರಿಕದ ಪತ್ರಿಕೆಗಳು 1920ರ ದಶಕದಿಂದ ಹಲವು ವರ್ಷ ಹೆಂಗಸರ ಒಳಶುಚಿಗೆಂದು ಜಾಹೀರು ಮಾಡಿದವು. ಬಳಸದಿದ್ದರೆ ಗಂಡ ದೂರವಾಗುತ್ತಾನೆಂಬ ಬೆದರಿಕೆ ಅದರ ಜೊತೆಗೆ. ಸುಟ್ಟುಕೊಂಡವರಿದ್ದರು, ಪ್ರಾಣ ಕಳೆದುಕೊಂಡವರೂ ಇದ್ದರು. ನಮ್ಮ ದೇಶದ ದೂರದರ್ಶನ ಪರದೆಯ ಮೇಲೆ 2012ರಲ್ಲಿ ಬಂದ ಜಾಹೀರಾತೊಂದರಲ್ಲಿ ಗಂಡ ಪತ್ರಿಕೆಯಲ್ಲಿ ಮುಳುಗಿದ್ದಾನೆ, ಹೆಂಡತಿ ಮುಖ ಬಾಡಿಸಿ ಕೂತಿದ್ದಾಳೆ. ಗುಪ್ತಭಾಗ ಬೆಳ್ಳಗಾದೊಡನೆ ದಾಂಪತ್ಯ ಬೆಳಗುತ್ತದೆ! ಅಲ್ಲಿಯ ಚರ್ಮ ಉಳಿದ ಮೈಗಿಂತ ಕಪ್ಪಾಗಿರುವುದು ಸಹಜ. ಸಹಜವನ್ನು ರೋಗವೆಂದು ಕರೆದವನಿಗೆ ಔಷಧಿ ಮಾರುವುದು ಕಷ್ಟವೆ?

ಇಷ್ಟು ಹೇಳಿದೊಡನೆ ಇನ್ನೊಂದು ಪಕ್ಷದವರು ಚಪ್ಪಾಳೆ ತಟ್ಟುತ್ತಾರೆ: "ಅದಕ್ಕೇ ನಾವು ಹೇಳುವುದು, ಎಲ್ಲ ಪ್ರಕೃತಿಯದೇ ಬಳಸಿ; ನಿಂಬೆ, ಅರಿಸಿನ, ಅಡುಗೆ ಸೋಡಾ." ಅವರ ಚಪ್ಪಾಳೆಯೂ ನನಗೆ ಬೇಡ. ನಿಂಬೆಯ ಹುಳಿ ಆ ಅಳತೆಯಲ್ಲಿ ಸುಮಾರು 2, ಸೋಡಾ ಕ್ಷಾರ. ತುರುಚೆ ಗಿಡವೂ ಪ್ರಕೃತಿಯದೇ, ಯಾರೂ ಮೈಗೆ ಉಜ್ಜಿಕೊಳ್ಳುವುದಿಲ್ಲ. ಸೀಗೆಕಾಯಿ ತಲೆಗೆ ಒಳ್ಳೆಯದು, ಕಡಲೆಹಿಟ್ಟು ಕೈಕಾಲಿಗೆ ಒಳ್ಳೆಯದು. ಕಣ್ಣಿಗೆ ಬಿದ್ದ ಸೀಗೆಪುಡಿಯ ಉರಿ ನೆನಪಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಈ ಎರಡು ಪಕ್ಷಗಳ ಬೇರು ಒಂದೇ. ನಾವು ಮಡಿಯನ್ನೂ ಶುಚಿಯನ್ನೂ ಒಂದೆಂದು ತಿಳಿದದ್ದೇ ಆ ಬೇರು. ಮಡಿಗೆ ಬೇಕಾದ್ದು ಮುಟ್ಟದಿರುವುದು. ಶುಚಿಗೆ ಬೇಕಾದ್ದು ತೊಳೆದು, ಒರೆಸಿ, ಒಣಗಿಸುವುದು. ನನ್ನ ಬಾಲ್ಯದಲ್ಲಿ ಮನೆಯ ಹೆಂಗಸರು ಹೊರಗೆ ಕೂತಾಗ ಬಳಸಿದ ಬಟ್ಟೆಯನ್ನು ಬಚ್ಚಲ ಹಿಂದಿನ ಕತ್ತಲೆಯಲ್ಲಿ, ಇನ್ನೊಂದು ಬಟ್ಟೆಯ ಕೆಳಗೆ ಒಣಹಾಕುತ್ತಿದ್ದರು. ಮಡಿ ಉಳಿಯಿತು, ಶುಚಿ ಹೋಯಿತು. ಬಿಸಿಲಿಗೆ ಹಾಕಬೇಕಾದದ್ದನ್ನು ನಾಚಿಕೆಗೆ ಹಾಕಿದೆವು. ಈಗ ಅದೇ ನಾಚಿಕೆಯನ್ನು ಸೀಸೆಗೆ ತುಂಬಿ ನಮಗೇ ಮಾರುತ್ತಿದ್ದಾರೆ.

ಭಾಷೆಯ ಅಧ್ಯಾಪಕಿಯಾಗಿ ನನಗೆ ಇನ್ನೊಂದು ವ್ಯಥೆ. ಕಣ್ಣಿಗೆ, ಹುಬ್ಬಿಗೆ, ನಡುವಿಗೆ ನಮ್ಮ ಕವಿಗಳು ಕೊಟ್ಟ ಹೆಸರುಗಳಿಗೆ ಲೆಕ್ಕವಿಲ್ಲ. ಆದರೆ ಹೆಣ್ಣು ವೈದ್ಯರ ಮುಂದೆ ಕೂತು ಹೇಳಿಕೊಳ್ಳಲು ಮರ್ಯಾದೆಯ ಒಂದು ಮಾತಿಲ್ಲ. ಇದ್ದರೆ ಬೈಗುಳ, ಇಲ್ಲದಿದ್ದರೆ ಸಂಸ್ಕೃತ. ಎರಡರ ನಡುವೆ "ಅಲ್ಲಿ", "ಕೆಳಗೆ", ಇಲ್ಲವೆ ಮೌನ.

ಆ ಮೌನದ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಚಿಕ್ಕಮ್ಮನಿಗೆ ಮುಟ್ಟು ನಿಂತು ಆರೇಳು ವರ್ಷದ ಮೇಲೆ ಸ್ರಾವ ಕಾಣಿಸಿತು, ವಾಸನೆಯೂ ಇತ್ತು. ಅವರು ವೈದ್ಯರ ಬಳಿಗೆ ಹೋಗಲಿಲ್ಲ. ಸೊಸೆಯ ಸೀಸೆಯಿಂದ ತೊಳೆದುಕೊಂಡರು. ವಾಸನೆ ಅಡಗಿತು, ರೋಗ ಅಡಗಲಿಲ್ಲ. ಎಂಟು ತಿಂಗಳ ಮೇಲೆ ಸೀರೆಗೆ ರಕ್ತ ಹತ್ತಿದಾಗ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಗರ್ಭಕಂಠದ ಕ್ಯಾನ್ಸರ್. "ಮೊದಲೇ ಯಾಕೆ ಹೇಳಲಿಲ್ಲ ಚಿಕ್ಕಮ್ಮ?" ಎಂದು ಕೇಳಿದೆ. "ಹೇಳುವಂಥ ಮಾತೇನೇ ಅದು?" ಎಂದರು. ಮುಂದಿನ ಯುಗಾದಿಗೆ ಅವರಿರಲಿಲ್ಲ. ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರನ್ನು ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ. ಬೇಗ ಕಂಡುಹಿಡಿದರೆ ಗುಣವಾಗುವುದೂ ಉಂಟು.

ಸೀಸೆ ಕ್ಯಾನ್ಸರ್ ತಂದಿತೆಂದು ನಾನು ಹೇಳುತ್ತಿಲ್ಲ. ಆ ರೋಗಕ್ಕೆ ಸಾಮಾನ್ಯವಾಗಿ ಒಂದು ವೈರಸ್ ಕಾರಣ. ದೇಹ ಕೂಗಿ ಹೇಳಿದ್ದನ್ನು ಪರಿಮಳ ಮುಚ್ಚಿಹಾಕಿತು ಎನ್ನುತ್ತೇನೆ, ಅಷ್ಟೆ.

ಮಾಡಬೇಕಾದ್ದು ಸ್ವಲ್ಪ. ಹೊರಭಾಗವನ್ನು ಮಾತ್ರ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆಯುವುದು. ಉಜ್ಜದೆ ಒತ್ತಿ ಒರೆಸುವುದು. ಸಡಿಲವಾದ ಹತ್ತಿಯ ಒಳಉಡುಪು. ಒಳಗೆ ಏನನ್ನೂ ಹಾಯಿಸಬಾರದು. ಗಂಡಸರೂ ಮುಂದೊಗಲನ್ನು ಸರಿಸಿ ನೀರಿನಿಂದ ತೊಳೆದುಕೊಳ್ಳಬೇಕು. ಶುಚಿ ಹೆಂಡತಿಯ ಪಾಲಿನ ಕರ್ತವ್ಯವಷ್ಟೇ ಅಲ್ಲ. ತೊಡೆಯ ಚರ್ಮ ಒಣಗಿದ್ದರೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸಾಕು. ತುರಿಕೆ, ಮೊಸರಿನಂಥ ಸ್ರಾವ, ಮೀನಿನಂಥ ವಾಸನೆ, ಹೊತ್ತಲ್ಲದ ಹೊತ್ತಿನ ರಕ್ತ ಕಂಡರೆ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಬೇಕು.

ಆ ಕಿರಿಯ ಸಹೋದ್ಯೋಗಿ ಈ ಲೇಖನವನ್ನು ಓದಬಹುದು. ಅಮ್ಮ, ಸೀಸೆ ನಿನ್ನಿಷ್ಟ. ಆದರೆ ಇಂದು ಸಂಜೆ ಮನೆಗೆ ಹೋದಾಗ ನಿನ್ನ ತಾಯಿಯನ್ನು ಒಂದು ಪ್ರಶ್ನೆ ಕೇಳು, ದನಿ ತಗ್ಗಿಸದೆ: "ಅಮ್ಮ, ಆರೋಗ್ಯವಾಗಿದ್ದೀಯಾ?" ಅವರು "ಹೂಂ" ಎಂದು ತೇಲಿಸಿದರೆ, ಇನ್ನೊಮ್ಮೆ ಕೇಳು.