ಬಿಸಿಲು ನಮ್ಮದು, ಮಾಲಕಿ ಯಾರದು?



ಕಲ್ಲಿದ್ದಲು ರೈಲಿನಲ್ಲಿ ರಾಯಚೂರಿನ ಶಕ್ತಿನಗರಕ್ಕೆ ಬರಬೇಕು, ಅಲ್ಲಿ ಉರಿಯಬೇಕು, ಆಮೇಲೆ ಕರೆಂಟು ನಮ್ಮ ಹೊಲಕ್ಕೆ ಮುಟ್ಟಬೇಕು. ಅದೂ ರಾತ್ರಿ ಪಾಳಿಯಲ್ಲಿ. ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ನೀರು ಹಾಯಿಸುವವನು ರೈತ. ಹಗಲೆಲ್ಲ ಅದೇ ಹೊಲದ ಮೇಲೆ ಬಿಸಿಲು ಬಿದ್ದು ಪುಕ್ಕಟೆ ಹೋಗುತ್ತದೆ.

ಈಗ ಆ ಬಿಸಿಲು ಸರ್ಕಾರದ ಕಣ್ಣಿಗೂ ಬಿದ್ದಿದೆ. ಸಂತೋಷ. ಆದರೆ ಪಾವಗಡದಲ್ಲಿ ಏನಾಯಿತು ನೋಡಿರಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲಾವಣಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ, 28 ವರ್ಷದ ಕರಾರು. ಬರದ ಸೀಮೆಗೆ ಅದು ಸಣ್ಣ ರೊಕ್ಕವಲ್ಲ, ಒಪ್ಪೋಣ. ಆದರೆ ಕರೆಂಟು ಮಾರಿದ ಹಣ ಕಂಪನಿಗೆ. ಭೂಮಿ ಇಲ್ಲದವನಿಗೆ ಲಾವಣಿಯೂ ಇಲ್ಲ, ಹೊಲದ ಕೂಲಿಯೂ ಇಲ್ಲ. 28 ವರ್ಷ ಕುಂತ ಮನೆಯ ಮಗ ಮತ್ತೆ ರಂಟೆ ಹಿಡಿದಾನೇ?

ನಮ್ಮ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ದೇಶದಲ್ಲಿ ಮೊದಲು ಕಟ್ಟಿದ ಐದರಲ್ಲಿ ಅದೊಂದು. (ಅದರ ಚುನಾವಣೆಯ ರಾಜಕಾರಣ ಬೇರೆ ಮಾತು.) ಕಂಬ, ತಂತಿ, ಟಿ.ಸಿ. ನೋಡಿಕೊಳ್ಳುವುದು ಸಹಕಾರಿ ಸಂಘದಿಂದಲೂ ಆಗುತ್ತದೆಂದು ಅದು ತೋರಿಸಿತು. ಆದರೆ ಅದು ಹುಟ್ಟಿದ್ದು ಕರೆಂಟು ಸಗಟು ಕೊಂಡು ಹಂಚಲಿಕ್ಕೆ. ಉತ್ಪಾದಿಸುವವರು ಬೇರೆ, ದರ ಹೇಳುವವರು ಬೇರೆ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸೌರ ಪಂಪಿನ ಸಹಕಾರಿ ಸಂಘ ಕಟ್ಟಿದರು. ನೀರು ಹಾಯಿಸಿ ಉಳಿದ ಕರೆಂಟಿಗೆ ಯೂನಿಟ್ಟಿಗೆ 4.63 ರೂಪಾಯಿಯಂತೆ ವಿದ್ಯುತ್ ಕಂಪನಿ 25 ವರ್ಷದ ಕರಾರು ಬರೆದುಕೊಟ್ಟಿತು. ನಮ್ಮ ಜೋಳಕ್ಕೆ, ಹತ್ತಿಗೆ ಯಾವನಾದರೂ 25 ವರ್ಷದ ದರ ಬರೆದುಕೊಟ್ಟಿದ್ದಾನೆಯೇ?

2019ರ ಕುಸುಮ್ ಯೋಜನೆಯಲ್ಲೂ ರೈತರು, ಸಹಕಾರಿ ಸಂಘಗಳು, ಪಂಚಾಯತಿಗಳು 2 ಮೆಗಾವಾಟ್‌ವರೆಗೆ ಸ್ಥಾವರ ಹಾಕಬಹುದೆಂದು ಬರೆದಿತ್ತು. ಕಾಗದದಲ್ಲಿ ಹಾದಿ ಇತ್ತು, ಕೈಯಲ್ಲಿ ರೊಕ್ಕ ಇರಲಿಲ್ಲ. ಕೋಟಿ ಸಾಲಕ್ಕೆ ಬ್ಯಾಂಕಿನವರು ಉತಾರ ಕೇಳುತ್ತಾರೆ. ಉತಾರದ ಮೇಲೆ ಮೊದಲೇ ಬೋಜಾ ಕುಂತಿದೆ! ಕರೆಂಟು ಖರೀದಿಯ ಕರಾರನ್ನೇ ಅಡವು ಹಿಡಿದು ಸಂಘಕ್ಕೆ ಸಾಲ ಕೊಡಲಿ, ಹೊಲದ ತಂಟೆಗೆ ಬರಬಾರದು.

ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಬಂದದ್ದನ್ನು ಸವದತ್ತಿಯವರು ಮರೆತಿಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ತನಕ ಹೋಯಿತು.

ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸಬ್‌ಸ್ಟೇಶನ್ನುಗಳ ಸುತ್ತಲಿನ ಪಡಾ ಹೊಲದವರು ಈಗಲೇ ಕೂಡಿ ಸಂಘ ನೋಂದಾಯಿಸಬೇಕು. ಗಾಯರಾಣ ದನಗಳಿಗೇ ಇರಲಿ. ಲಾವಣಿ ಕಾಗದ ಹಿಡಿದು ಬಂದವನಿಗೆ ಸಹಿಗೆ ಮುಂಚೆ ಕೇಳಿರಿ: ಯೂನಿಟ್ಟಿಗೆ ನಿನಗೆಷ್ಟು, ಅದರಲ್ಲಿ ನಮಗೆಷ್ಟು?