ಬರಗಾಲ ಮತ್ತು ಬಚ್ಚಲ ನೀರು

ಕುಡಿಯಲು ನೀರಿಲ್ಲದಾಗ ಗಿಡಕ್ಕೆ ನೀರೆರೆಯುವುದು ಉಚಿತವೇ ಎಂಬ ಪ್ರಶ್ನೆ ಬರ ಬಂದಾಗಲೆಲ್ಲ ಏಳುತ್ತದೆ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಮರುವರ್ಷದ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5000 ರೂಪಾಯಿ ದಂಡ ವಿಧಿಸುವುದಾಗಿ ಸಾರಿತು. ಆ ಆಜ್ಞೆ ನ್ಯಾಯವಾದುದೇ. ಆದರೆ ಅದರಿಂದ ಹಿತ್ತಲನ್ನೇ ಒಣಗಲು ಬಿಡಬೇಕೆಂದು ಬಗೆದವರು ಅದರ ಅರ್ಧವನ್ನಷ್ಟೇ ಗ್ರಹಿಸಿದರೆಂದು ನನ್ನ ಭಾವನೆ. ಬಚ್ಚಲ ನೀರಿಗೆ ಯಾರೂ ದಂಡ ಹಾಕಿರಲಿಲ್ಲ.

ನಮ್ಮ ಹಿರಿಯರ ಹಿತ್ತಲು ಕುಡಿಯುವ ನೀರನ್ನು ಬೇಡಿದುದು ಕಡಮೆ. ಬಚ್ಚಲ ಕಾಲುವೆ ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹರಿಯುತ್ತಿತ್ತು. ಅಕ್ಕಿ ತೊಳೆದ ನೀರು ಕರಿಬೇವಿಗೆ ಸಲ್ಲುತ್ತಿತ್ತು. ಇಂದು ಅದೇ ನೀರನ್ನು ಕೊಳವೆಯ ಮೂಲಕ ಚರಂಡಿಗೆ ಕಳುಹಿಸಿ ಟ್ಯಾಂಕರಿನ ದಾರಿ ಕಾಯುತ್ತೇವೆ. ಐವರಿರುವ ಮನೆಯಲ್ಲಿ ತಲೆಗೆ 15 ಲೀಟರಿನ ಒಂದು ಬಕೆಟ್ ಎಂದಿಟ್ಟುಕೊಂಡರೂ ಸ್ನಾನದಿಂದಲೇ ದಿನಕ್ಕೆ 75 ಲೀಟರ್ ದೊರೆಯುತ್ತದೆ. ಬಟ್ಟೆ ಒಗೆದ ಮೊದಲ ನೀರನ್ನು ಮಾತ್ರ ಬಿಡಬೇಕು. ಅದರಲ್ಲಿನ ಸೋಡಾ ಮಣ್ಣನ್ನು ಚೌಳಾಗಿಸುತ್ತದೆ. ಬಚ್ಚಲ ನೀರನ್ನು ಕೂಡಿಡದೆ ಅಂದಂದೇ ಹೊಯ್ಯಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದು ಸಲ್ಲದು.

ಇನ್ನು ತರಗೆಲೆಯ ವಿಷಯ. ಮಾಘದಲ್ಲಿ ಉದುರಿದ ಎಲೆಗಳನ್ನು ಗುಡಿಸಿ ಬೆಂಕಿಯಿಟ್ಟು, ಚೈತ್ರದಲ್ಲಿ ಬಿರಿದ ನೆಲಕ್ಕೆ ಕೊಡ ಹೊರುವ ವಿಚಿತ್ರವನ್ನು ವಿದ್ಯಾವಂತರ ಮನೆಗಳಲ್ಲಿಯೂ ಕಾಣುತ್ತೇವೆ! ಆ ಎಲೆಯನ್ನೇ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರವಿದರೆ ನೆಲದ ತೇವ ಬೇಗನೆ ಆರದು. ಎಳೆಯ ಗಿಡದ ಪಕ್ಕದಲ್ಲಿ ಮೆರುಗು ಬಳಿಯದ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂಳಿ, ನೀರು ತುಂಬಿ ಬಾಯಿ ಮುಚ್ಚಿದರೆ, ಸುತ್ತಲಿನ ಮಣ್ಣು ಒಣಗಿದಂತೆಲ್ಲ ನೀರು ತಾನಾಗಿ ಜಿನುಗುತ್ತದೆ. ಮಡಕೆಗೆ ಸಾಬೂನಿನ ನೀರು ಬೇಡ, ಅದರ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ತರಕಾರಿ ತೊಳೆದ ನೀರನ್ನು ಸೋಸಿ ಹಾಕಬಹುದು.

ಇಷ್ಟಾದರೂ ಎಲ್ಲವನ್ನೂ ಉಳಿಸಲಾಗದು. ಸೌತೆ, ಅವರೆಗಳನ್ನು ಮಳೆ ಬಂದ ಮೇಲೆ ಮತ್ತೆ ಬಿತ್ತಬಹುದು. ಹತ್ತು ವರ್ಷದ ನಿಂಬೆ ಸತ್ತರೆ ಒಂದು ಮಳೆಗಾಲ ಅದನ್ನು ಮರಳಿ ಕೊಡಲಾರದು. ಆದುದರಿಂದ ಇರುವ ನೀರು ನಿಂಬೆ, ಕರಿಬೇವು, ದಾಸವಾಳಗಳಿಗೆ ಮೊದಲು ಸಲ್ಲಲಿ. ಎಲ್ಲಕ್ಕೂ ದಿನವೂ ಚಿಮುಕಿಸುವ ಬದಲು, ಇಂದು ಒಂದಕ್ಕೆ, ನಾಳೆ ಇನ್ನೊಂದಕ್ಕೆ, ಸಂಜೆಯ ಹೊತ್ತು ಬುಡ ತಣಿಯುವಂತೆ ಎರೆಯಬೇಕು. ಹುಲ್ಲುಹಾಸಿಗೆ ಒಂದು ತೊಟ್ಟೂ ಬೇಡ.

ಹೊಸದಾಗಿ ಮನೆ ಕಟ್ಟಿಸುವವರು ಬಚ್ಚಲ ಕೊಳವೆಗೆ ಹಿತ್ತಲ ಕಡೆ ಒಂದು ಕವಲು ಇರಿಸುವಂತೆ ಮೇಸ್ತ್ರಿಗೆ ಮೊದಲೇ ಹೇಳುವುದು ಒಳಿತು; ಅಂಗಳಕ್ಕೆಲ್ಲ ಸಿಮೆಂಟು ಬಳಿದ ಮೇಲೆ ಅದು ಒಡೆದು ಮಾಡುವ ಕೆಲಸವಾಗುತ್ತದೆ.