ಹೊಳೆದಂಡೆ ಖಾಲಿ ಮಾಡಿದ್ದು ಸಾಕು, ದೀಪ ಹಚ್ಚಿ

ಬಂಡ್ರಿ: ಹಂಪಿಯ ಹೊಳೆದಂಡೆ ಯಾರದು? ಕೇಂದ್ರದ ಪುರಾತತ್ವ ಇಲಾಖೆ ನಮ್ಮದು ಅನ್ನುತ್ತದೆ. ರಾಜ್ಯದ ಇಲಾಖೆ ನಮ್ಮದೂ ಹೌದು ಅನ್ನುತ್ತದೆ. 2002ರ ಕಾಯ್ದೆಯಿಂದ ಹುಟ್ಟಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬೇರೆ ಇದೆ. ಈಚೆ ದಂಡೆಗೆ 2021ರಿಂದ ವಿಜಯನಗರ ಜಿಲ್ಲೆಯ ಆಡಳಿತ, ಆಚೆ ದಂಡೆಗೆ ಕೊಪ್ಪಳದ್ದು. ಮನೆಗೆ ಇಷ್ಟು ಮಂದಿ ಯಜಮಾನರು. ಸಂಜೆಯಾದರೆ ದೀಪ ಹಚ್ಚುವವರು ಮಾತ್ರ ಕಾಣೆ.

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಕೂತವನಿಗೆ ಹಂಪಿ ಹೊಳೆಯ ಉಸಾಬರಿ ಯಾಕಪ್ಪಾ ಅಂತ ಓದುಗರು ಕೇಳಬಹುದು. ಹೊಳೆ ಇಲ್ಲದ ಊರಿನವರಿಗೇ ಹೊಳೆಯ ಬೆಲೆ ಹೆಚ್ಚು ಗೊತ್ತು ಸ್ವಾಮಿ. ದೇವರ ಗಂಗೆಪೂಜೆಗೆ ಹೋಗುವುದು ಅಲ್ಲಿಗೆ, ಹಿರಿಯರ ಬೂದಿ ಬಿಡುವುದು ಅಲ್ಲಿ, ವಿರೂಪಾಕ್ಷನ ತೇರಿಗೆ ಟ್ರ್ಯಾಕ್ಟರ್ ಹತ್ತುವುದೂ ಅಲ್ಲಿಗೇ. ಹೋದ ಮುದುಕಿಗೆ ಕೂಡಲು ನೆರಳು ಬೇಕು, ಹೆಣ್ಣುಮಕ್ಕಳಿಗೆ ಒದ್ದೆ ಸೀರೆ ಬದಲಿಸಲು ಮರೆ ಬೇಕು, ಅಳುವ ಕೂಸಿಗೆ ಒಂದು ಲೋಟ ಬಿಸಿ ಹಾಲು ಬೇಕು. ಇದನ್ನೆಲ್ಲ ಇಲಾಖೆಯ ನೀಲಿ ಬೋರ್ಡು ಕೊಡೋದಿಲ್ಲ. ದಂಡೆಯ ಮೇಲೆ ಒಲೆ ಹೂಡಿಕೊಂಡಿರುವ ಸಂಸಾರ ಕೊಡುತ್ತದೆ.

ಈ ಮಾತು ಹೊಸದೂ ಅಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಂಪಿಯ ಗುಡಿ ಮುಂದಿನ ಬೀದಿ ನೋಡಿ ಬೆರಗಾದ. ಮೊಗಸಾಲೆ, ಉಪ್ಪರಿಗೆ ಇರುವ ಚೆಂದದ ಮನೆಗಳು, ಯಾತ್ರಿಕರು ತಂಗಲು ಜಾಗ, ಸಿರಿವಂತರ ಬಿಡಾರ, ಅದೇ ಬೀದಿಯಲ್ಲಿ ಅರಸನ ಅರಮನೆಯೂ ಇತ್ತು ಅಂತ ಬರೆದಿಟ್ಟು ಹೋದ. ಹೊಳೆಗೆ ಕೂಗಳತೆಯಲ್ಲಿ ದೇವರು, ವ್ಯಾಪಾರ, ವಾಸ, ವಸತಿ ಎಲ್ಲ ಒಂದೇ ಬೀದಿಯಲ್ಲಿ. ಈಗಿನ ನಗರಯೋಜನೆಯ ಪಂಡಿತರು ಮಿಶ್ರ ಬಳಕೆಯ ಬಡಾವಣೆ ಅಂತ ಪಾಠ ಹೇಳುವುದು ಇದಕ್ಕೇ. ನಮ್ಮ ರಾಯರ ಕಾಲದವರು ಪಾಠವಿಲ್ಲದೆ ಅದರಲ್ಲಿ ಬದುಕಿದ್ದರು.

1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಗುಡಿಯ ಗಂಟೆ ನಿಲ್ಲಲಿಲ್ಲ. ಕಾಲಾಂತರದಲ್ಲಿ ಬಜಾರಿನ ಕಲ್ಲುಮಂಟಪಗಳಲ್ಲಿ ಜನ ಮತ್ತೆ ಸಂಸಾರ ಹೂಡಿದರು. ಹೂವಿನವರು, ಖಾನಾವಳಿಯವರು, ಪುಸ್ತಕ ಮಾರುವವರು, ಸೈಕಲ್ ಬಾಡಿಗೆಯವರು ಬಂದರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹೊರದೇಶದವರು ಹೆಚ್ಚಿದರು, ರೂಮುಗಳೂ ಹೆಚ್ಚಿದವು.

ತಪ್ಪು ಎರಡೂ ಕಡೆ ಇತ್ತು

ತಪ್ಪು ನಡೆದದ್ದು ನಿಜ. ಕೆತ್ತನೆಯ ಕಂಬಕ್ಕೆ ಇಟ್ಟಿಗೆ ಗೋಡೆ ತಾಗಿಸಿದರು, ಮಂಟಪದ ನೆತ್ತಿಯ ಮೇಲೆ ಕಾಂಕ್ರೀಟು ಏರಿಸಿದರು. ಅದನ್ನು ತಡೆಯಬೇಕಿತ್ತು. ಆದರೆ ಮೊದಲ ಇಟ್ಟಿಗೆ ಇಟ್ಟ ದಿನ ತಡೆಯಬೇಕಾದವರು ಎಲ್ಲಿದ್ದರು? ಕರೆಂಟು ಕೊಟ್ಟವರು, ಕಂದಾಯ ಕಟ್ಟಿಸಿಕೊಂಡವರು, ಪಡಿತರ ಚೀಟಿ ಬರೆದುಕೊಟ್ಟವರು ಸರ್ಕಾರದವರೇ ಅಲ್ಲವೇ?

2011ರ ಜುಲೈ 29ರಂದು ಹೈಕೋರ್ಟಿನ ಆದೇಶ ಮುಂದಿಟ್ಟುಕೊಂಡು ಬುಲ್ಡೋಜರ್ ಬಜಾರಿಗೆ ಬಂತು. ಸಾಮಾನು ಕಟ್ಟಲು ಸಿಕ್ಕಿದ್ದು ಒಂದು ದಿನವೂ ಇಲ್ಲ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಬದಲಿ ಜಾಗ ಅಂತ ತೋರಿಸಿದ್ದು ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರ, ಅದೂ ವರ್ಷಗಟ್ಟಲೆ ಅಲೆದಾಡಿಸಿದ ಮೇಲೆ. ಗುಡಿ ಬಾಗಿಲಲ್ಲಿ ತೆಂಗಿನಕಾಯಿ ಮಾರಿ ಬದುಕುವವಳಿಗೆ ನಾಲ್ಕು ಕಿಲೋಮೀಟರ್ ಆಚೆ ಒಂದು ನಿವೇಶನ ಕೊಟ್ಟರೆ ಸೂರು ಸಿಕ್ಕಿತು, ಹೊಟ್ಟೆ ಹೋಯಿತು. ಮನೆ ಮತ್ತು ಅಂಗಡಿಯ ನಂಟು ಅರಿಯದವರು ಮಾಡಿದ ಪುನರ್ವಸತಿ ಇದು.

ಆಚೆ ದಂಡೆಯ ವಿರೂಪಾಪುರ ಗಡ್ಡಿಯ ಕಥೆ ಇನ್ನೊಂದು. ಆ ನಡುಗಡ್ಡೆ 1988ರ ಸಂರಕ್ಷಿತ ಪ್ರದೇಶದ ಅಧಿಸೂಚನೆಯೊಳಗೆ ಬರುತ್ತದೆ, ಅಲ್ಲಿನ ಹೋಟೆಲು, ರೆಸಾರ್ಟುಗಳು ಅಕ್ರಮ ಅಂತ 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಹೇಳಿತು. ಮಾರ್ಚ್ ಮೊದಲ ವಾರದಲ್ಲಿ ಎಲ್ಲ ನೆಲಸಮ. ಅಧಿಸೂಚನೆಗೂ ಜೆಸಿಬಿಗೂ ನಡುವೆ ಮೂವತ್ತೆರಡು ವರ್ಷ! ಮಗು ಹುಟ್ಟಿ, ಬೆಳೆದು, ಮದುವೆಯಾಗಿ, ಅದಕ್ಕೊಂದು ಮಗುವಾಗುವಷ್ಟು ಕಾಲ ಕಣ್ಣು ಮುಚ್ಚಿ ಕೂತು ಆಮೇಲೆ ಕಾನೂನು ಅಂದರೆ ಏನು ಹೇಳೋಣ?

ಹೊಳೆಯ ಮಾತೂ ಕೇಳಬೇಕು

ಗಡ್ಡಿಯಲ್ಲಿ ಕಟ್ಟಿದ್ದೆಲ್ಲ ಸರಿ ಅಂತ ಈ ಅಂಕಣ ವಾದಿಸುವುದಿಲ್ಲ. 2019ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಾಗ ಅದೇ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ದೋಣಿ, ಹೆಲಿಕಾಪ್ಟರ್ ತಂದು ಅವರನ್ನು ದಾಟಿಸಬೇಕಾಯಿತು. ಹೊಳೆ ತುಂಬಿದಾಗ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ದಂಡೆಯ ಊರುಗಳು ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಹೊಳೆಗೆ ಅದರ ಜಾಗ ಬಿಡಲೇಬೇಕು.

ಆದರೆ ಹೊಳೆಗೆ ಜಾಗ ಬಿಡುವುದಕ್ಕೂ ಜನರನ್ನೇ ಓಡಿಸುವುದಕ್ಕೂ ವ್ಯತ್ಯಾಸ ಇದೆ. ಜನ ಇರುವ ಜಾಗಕ್ಕೆ ಕಾವಲಿಗೆ ಸಂಬಳ ಕೊಡಬೇಕಿಲ್ಲ. ಜನ ಇಲ್ಲದ ನೀರಿನ ದಡ ಏನಾಗುತ್ತದೆ ಅನ್ನುವುದನ್ನು 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಕಾಲುವೆ ತೋರಿಸಿತು. ನಕ್ಷತ್ರ ನೋಡುತ್ತಾ ಕೂತಿದ್ದ ಪ್ರವಾಸಿಗರ ಮೇಲೆ, ಅವರ ಜೊತೆಗಿದ್ದ ಸ್ಥಳೀಯ ಹೆಣ್ಣುಮಗಳ ಮೇಲೆ ಎರಗಿದರು. ಕಾಲುವೆಗೆ ತಳ್ಳಲ್ಪಟ್ಟ ಒಬ್ಬ ಯುವಕ ಹೆಣವಾಗಿ ಸಿಕ್ಕಿದ. ಕೂಗಿದರೆ ಕೇಳುವಷ್ಟು ಹತ್ತಿರ ನಾಲ್ಕು ಮನೆಗಳಿದ್ದಿದ್ದರೆ?

ಬೇರೆ ದಾರಿಗೆ ದೂರ ಹೋಗಬೇಕಿಲ್ಲ, ಹರಿಗೋಲು ಹತ್ತಿ ಆನೆಗೊಂದಿಗೆ ಹೋದರೆ ಸಾಕು. ಅಲ್ಲಿ 1997ರಿಂದ ಕಿಷ್ಕಿಂಧಾ ಟ್ರಸ್ಟ್ ಕೆಲಸ ಮಾಡುತ್ತಿದೆ. ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆದು ಹೆಣ್ಣುಮಕ್ಕಳು ದುಡಿಯುತ್ತಾರೆ. ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಟ್ಟಿದ್ದಾರೆ. ಊರು ಊರಾಗಿಯೇ ಇದೆ. ಬಂದವರು ಮಣ್ಣಿನ ಗೋಡೆಯ ತಂಪಿನಲ್ಲಿ ಮಲಗಿ ಕಾಸು ಕೊಟ್ಟು ಹೋಗುತ್ತಾರೆ.

ಇನ್ನು ದೊಡ್ಡ ಊರುಗಳ ಮಾತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಹಡಗುಗಳು ಬಿಟ್ಟುಹೋದ ಹಳೆ ಬಂದರಿನ ಜಾಗವನ್ನು 2000ದಿಂದೀಚೆಗೆ ಬಡಾವಣೆ ಮಾಡಿದರು. ರಸ್ತೆ, ಕಟ್ಟಡಗಳನ್ನು ಸಮುದ್ರ ಮಟ್ಟದಿಂದ ಸುಮಾರು ಎಂಟು ಮೀಟರ್ ಎತ್ತರಿಸಿ, ನೀರಂಚಿನ ಕಟ್ಟೆಯನ್ನು ಪ್ರವಾಹಕ್ಕೇ ಬಿಟ್ಟುಕೊಟ್ಟರು. ಕೆಳಗೆ ಅಂಗಡಿ, ಮೇಲೆ ಮನೆ, ಕಚೇರಿ. ನಮ್ಮ ಅಹಮದಾಬಾದಿನ ಸಾಬರಮತಿಯಲ್ಲೂ ದಂಡೆ ಕಟ್ಟಿದರು, 2012ರಲ್ಲಿ ನಡೆದಾಡುವ ಹಾದಿ ತೆರೆದರು. ನೋಡಲು ಚೆಂದ. ಆದರೆ ಅದಕ್ಕಾಗಿ ದಂಡೆಯ ಹತ್ತು ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳು ಗುಡಿಸಲು ಕಳೆದುಕೊಂಡವು, ಬಹಳ ಮಂದಿ ಊರ ಹೊರಗಿನ ಕಟ್ಟಡಗಳಿಗೆ ಹೋದರು. ಹ್ಯಾಂಬರ್ಗಿನಿಂದ ಎತ್ತರದ ಲೆಕ್ಕ ಕಲಿಯೋಣ. ಸಾಬರಮತಿಯಿಂದ ಏನು ಮಾಡಬಾರದು ಅನ್ನುವುದನ್ನು ಕಲಿಯೋಣ.

ಮಾಡಬೇಕಾದ್ದು ಇಷ್ಟೇ

ಒಂದು: ತಳವಾರಘಟ್ಟದಿಂದ ವಿರೂಪಾಕ್ಷನ ಗುಡಿಯವರೆಗೆ ಮಹಾಪೂರದ ಗೆರೆ ಗುರುತಿಸಿ ಕಲ್ಲು ನೆಡಿ. ಗೆರೆಯ ಕೆಳಗೆ ಯಾರೂ ಕಟ್ಟಕೂಡದು, ಮಂತ್ರಿಯ ಬೀಗನೂ ಕಟ್ಟಕೂಡದು.

ಎರಡು: ಗೆರೆಯ ಮೇಲೆ, ಸ್ಮಾರಕಕ್ಕೆ ತಾಗದ ಹಾಗೆ, ಒಂದೇ ಮಹಡಿಯ ಕಲ್ಲು-ಗಾರೆಯ ಮನೆಗಳಿಗೆ ಅನುಮತಿ ಕೊಡಿ. ಮುಂದೆ ಅಂಗಡಿ, ಹಿಂದೆ ವಾಸ. ಕಾಗದ ಸ್ಪಷ್ಟವಾಗಿರಲಿ, ಮೂವತ್ತೆರಡು ವರ್ಷದ ನಂತರ ಮತ್ತೆ ಜೆಸಿಬಿ ಬರದಿರಲಿ.

ಮೂರು: ಮೊದಲ ಹಕ್ಕು 2011ರಲ್ಲಿ ಒಕ್ಕಲೆದ್ದವರಿಗೆ. ಬೆಂಗಳೂರಿನ ರೆಸಾರ್ಟು ಕಂಪನಿಗಳು ಸರದಿಯ ಕೊನೆಗೆ ನಿಲ್ಲಲಿ.

ನಾಲ್ಕು: ಮನೆಗಿಂತ ಮೊದಲು ಚರಂಡಿ, ಕಕ್ಕಸು, ಹೆಂಗಸರ ಬಟ್ಟೆ ಬದಲಿಸುವ ಕೋಣೆ. ಕೊಳೆನೀರಿನ ಒಂದು ಹನಿಯೂ ಹೊಳೆ ಸೇರದಿರಲಿ.

ಐದು: ನಕ್ಷೆಯನ್ನು ಹೊಸಪೇಟೆಯ ಕಚೇರಿಯಲ್ಲಿ ಬರೆದು ಬೀರುವಿನಲ್ಲಿಡಬೇಡಿ. ಹಂಪಿಯ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ, ಗೋಡೆಗೆ ಅಂಟಿಸಿ, ತಕರಾರು ಕೇಳಿ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಎರಡು ಜಿಲ್ಲೆಯ ಅಧಿಕಾರಿಗಳು ಒಂದು ಮೇಜಿಗೆ ಕೂತರೆ ಸಾಕು. ಸ್ಮಾರಕ ಕಾಯುತ್ತೇವೆ ಅಂತ ಜನರನ್ನು ಓಡಿಸಿ ಇಷ್ಟು ವರ್ಷವಾಯಿತು. ಬಜಾರಿನ ಮಂಟಪಗಳಲ್ಲಿ ಈಗ ಗಾಳಿ ವ್ಯಾಪಾರ ಮಾಡುತ್ತಿದೆ. ಮುಂದಿನ ತೇರಿನ ಒಳಗೆ ಮೊದಲ ಗಡಿಕಲ್ಲಾದರೂ ನೆಡುತ್ತೀರಾ, ಸಾಹೇಬರೇ?